‘ದೂರುಗಳಿಲ್ಲ’ ಎಂದು ಬರೆಯುತ್ತಿದ್ದ ವರ್ಷಗಳು

ಸರ್ಕಾರಿ ವೆಬ್‌ಸೈಟ್ ನೋಡಿಕೊಳ್ಳುವ ಕುರ್ಚಿಗೆ ಹೊಸದಾಗಿ ಬಂದವರು ಮೊದಲು ಕೇಳುವುದು ಪಾಸ್‌ವರ್ಡ್ ಏನು ಎಂದು. ಆಮೇಲೆ ಕೇಳುವುದು ಕಾಫಿ ಎಷ್ಟು ಹೊತ್ತಿಗೆ ಬರುತ್ತದೆ ಎಂದು. ಈ ವೆಬ್‌ಸೈಟ್ ಯಾರಿಗೆ ತೆರೆಯುವುದಿಲ್ಲ ಎಂದು ಕೇಳಿದವರನ್ನು ನಾನು ನೋಡಿಲ್ಲ. ನಾನೂ ಕೇಳಿದವಳಲ್ಲ. ಕೋಲಾರದ ಒಂದು ಜಿಲ್ಲಾ ಕಚೇರಿಯ ಕಂಪ್ಯೂಟರ್ ವಿಭಾಗದಲ್ಲಿ ಕೂತು ಕೋಲಾರ, ಮಾಲೂರು, ಮುಳಬಾಗಿಲು, ಶ್ರೀನಿವಾಸಪುರ ಈ ನಾಲ್ಕು ತಾಲ್ಲೂಕುಗಳ ಅರ್ಜಿಗಳನ್ನು ನೋಡಿ ನೋಡಿ ಸಾಕಾಗಿ, ನಿವೃತ್ತಳಾದ ಮೇಲೆ ಇದನ್ನು ಬರೆಯುತ್ತಿದ್ದೇನೆ. ಇಲಾಖೆಯ ಹೆಸರು ಬೇಡ. ಹೇಳಿದರೆ ಆ ಇಲಾಖೆ ಮಾತ್ರ ಹಾಗೆ ಎಂದು ಉಳಿದವರು ನೆಮ್ಮದಿಯಾಗಿ ಇದ್ದುಬಿಡುತ್ತಾರೆ.

ನಾನು ಕೆಲಸಕ್ಕೆ ಸೇರಿದ್ದು ಟೈಪಿಸ್ಟ್ ಆಗಿ. ಕೋಲಾರದ ಟೈಪಿಂಗ್ ಶಾಲೆಯಲ್ಲಿ ನಮ್ಮ ಮೇಷ್ಟ್ರು ಕೈಯ ಮೇಲೆ ಟವೆಲ್ ಹೊದಿಸಿ ಟೈಪ್ ಹೊಡೆಸುತ್ತಿದ್ದರು. ಟವೆಲ್ ಎತ್ತಿ ಅಕ್ಷರ ನೋಡಿದರೆ ಸ್ಕೇಲಿನಿಂದ ಏಟು ಬೀಳುತ್ತಿತ್ತು. ಟೈಪ್‌ರೈಟರ್ ಹೋಗಿ ಕಂಪ್ಯೂಟರ್ ಬಂತು, ಕಂಪ್ಯೂಟರಿನ ಹಿಂದೆಯೇ ವೆಬ್‌ಸೈಟ್ ಬಂತು. ‘ನಿಮಗೆ ಟೈಪಿಂಗ್ ಚೆನ್ನಾಗಿ ಬರುತ್ತಲ್ಲ, ನೀವೇ ನೋಡಿಕೊಳ್ಳಿ’ ಎಂದು ಆಗಿನ ಸಾಹೇಬರು ನನ್ನ ಮೇಲೆ ಹಾಕಿದರು. ಎರಡು ದಿನ ತರಬೇತಿ ಕೊಟ್ಟರು. ಅದರಲ್ಲಿ ಒಂದು ದಿನ ಉದ್ಘಾಟನೆ ಮತ್ತು ಊಟಕ್ಕೆ ಹೋಯಿತು.

ನಮ್ಮ ಕಚೇರಿಗಳ ಒಂದು ಪದ್ಧತಿಯನ್ನು ಮೊದಲು ಹೇಳಬೇಕು. ಒಂದು ಪ್ರಕಟಣೆಯನ್ನು ಕಂಪ್ಯೂಟರಿನಲ್ಲಿ ಟೈಪ್ ಮಾಡುತ್ತೇವೆ. ಅದನ್ನು ಪ್ರಿಂಟ್ ತೆಗೆದು ಸಾಹೇಬರ ಸಹಿ ಹಾಕಿಸಿ, ಸೀಲು ಒತ್ತಿ, ಮತ್ತೆ ಸ್ಕ್ಯಾನ್ ಮಾಡಿ ಅದರ ಚಿತ್ರವನ್ನು ವೆಬ್‌ಸೈಟಿಗೆ ಏರಿಸುತ್ತೇವೆ. ಸೀಲಿಲ್ಲದ ಕಾಗದ ನಮ್ಮ ಕಣ್ಣಿಗೆ ಕಾಗದವೇ ಅಲ್ಲ. ಹೀಗೆ ಏರಿಸಿದ್ದು ಕಣ್ಣಿದ್ದವರಿಗೆ ಓದಲು ಸಿಗುತ್ತದೆ. ಕಣ್ಣು ಕಾಣದವರು ಕಂಪ್ಯೂಟರಿನಲ್ಲಿ ಒಂದು ತಂತ್ರಾಂಶ ಇಟ್ಟುಕೊಂಡಿರುತ್ತಾರೆ, ಪರದೆಯ ಮೇಲೆ ಇದ್ದುದನ್ನು ಅದು ಗಟ್ಟಿಯಾಗಿ ಓದುತ್ತದೆ. ಆ ತಂತ್ರಾಂಶಕ್ಕೆ ಅಕ್ಷರ ಬೇಕು, ಚಿತ್ರ ಓದಲು ಬರುವುದಿಲ್ಲ. ನಾವು ಏರಿಸಿದ ಪ್ರಕಟಣೆಯ ಮೇಲೆ ಬಂದಾಗ ಅದು ‘ಗ್ರಾಫಿಕ್’ ಎಂದು ಒಂದೇ ಪದ ಹೇಳಿ ಸುಮ್ಮನಾಗುತ್ತದೆ. ಇದು ನನಗೆ ಗೊತ್ತಾಗಲು ಎಷ್ಟು ವರ್ಷ ಬೇಕಾಯಿತು ಎಂದು ಹೇಳಿಕೊಳ್ಳಲು ನಾಚಿಕೆಯಾಗುತ್ತದೆ. ಟೈಪ್ ಮಾಡಿದ ಕಡತ ಅಷ್ಟೂ ದಿನ ನನ್ನ ಕಂಪ್ಯೂಟರಿನಲ್ಲೇ ಇತ್ತು. ಸೀಲಿನ ಪ್ರತಿಯ ಪಕ್ಕದಲ್ಲಿ ಅದನ್ನೂ ಏರಿಸಲು ಅರ್ಧ ನಿಮಿಷ ಸಾಕಿತ್ತು.

ಇನ್ನೊಂದು ಪದ್ಧತಿ ತಿಂಗಳ ವರದಿಯದು. ವೆಬ್‌ಸೈಟ್ ಬಗ್ಗೆ ಬಂದ ದೂರುಗಳೆಷ್ಟು, ಪರಿಹಾರವಾದವೆಷ್ಟು ಎಂದು ಪ್ರತಿ ತಿಂಗಳು ಮೇಲಿನ ಕಚೇರಿಗೆ ಬರೆದು ಕಳಿಸಬೇಕು. ಆ ಜಾಗದಲ್ಲಿ ನಾನು ‘ದೂರುಗಳಿಲ್ಲ’ ಎಂದು ಬರೆಯುತ್ತಿದ್ದೆ. ಸುಳ್ಳು ಬರೆಯುತ್ತಿದ್ದೇನೆ ಎಂದು ಒಂದು ದಿನವೂ ಅನಿಸಲಿಲ್ಲ. ಜನ ಬರುತ್ತಿದ್ದರು, ತೊಂದರೆ ಹೇಳುತ್ತಿದ್ದರು, ನಾನು ಅಲ್ಲೇ ಕೂರಿಸಿಕೊಂಡು ಅರ್ಜಿ ತುಂಬಿ ಕಳಿಸುತ್ತಿದ್ದೆ. ತೊಂದರೆ ಮುಗಿದ ಮೇಲೆ ದೂರು ಎಲ್ಲಿಂದ ಬಂತು?

ಮಾಲೂರಿನ ಕಡೆಯ ಒಬ್ಬರು ನರಸಾಪುರದ ಕಾರ್ಖಾನೆಯೊಂದರಲ್ಲಿ ಕೆಲಸ ಮಾಡುವಾಗ ಪ್ರೆಸ್ ಯಂತ್ರಕ್ಕೆ ಎರಡೂ ಕೈ ಸಿಕ್ಕಿ ಬೆರಳುಗಳನ್ನು ಕಳೆದುಕೊಂಡಿದ್ದರು. ಉಳಿದ ಒಂದು ಬೆರಳಿನಲ್ಲಿ ಒಂದೊಂದೇ ಅಕ್ಷರ ಒತ್ತುತ್ತಿದ್ದರು. ನಮ್ಮ ಅರ್ಜಿ ಹತ್ತು ನಿಮಿಷಕ್ಕೆ ತಾನಾಗಿ ಮುಚ್ಚಿಕೊಳ್ಳುತ್ತಿತ್ತು, ತುಂಬಿದ್ದೆಲ್ಲ ಅಳಿಸಿಹೋಗುತ್ತಿತ್ತು. ಅವರು ಸತತವಾಗಿ ನಾಲ್ಕು ದಿನ ಪ್ರಯತ್ನಿಸಿ, ಐದನೆಯ ದಿನ ಬಸ್ ಹತ್ತಿ ಬಂದರು. ಬಂದವರು ಬೈಯಲಿಲ್ಲ, ತಪ್ಪು ತಮ್ಮದೇ ಎಂಬಂತೆ ಕೈ ಮುಚ್ಚಿಕೊಂಡು ನಿಂತಿದ್ದರು. ನಾನು ಏಳು ನಿಮಿಷದಲ್ಲಿ ತುಂಬಿಕೊಟ್ಟೆ. ನನ್ನ ವೇಗಕ್ಕೆ ನಾನೇ ಮೆಚ್ಚಿಕೊಂಡೆ. ಹತ್ತು ನಿಮಿಷವನ್ನು ಮೂವತ್ತು ಮಾಡಿ ಎಂದು ವೆಬ್‌ಸೈಟ್ ನಡೆಸುವ ಕಂಪನಿಯವರಿಗೆ ಒಂದು ಸಾಲು ಬರೆಯಬಹುದಿತ್ತು, ಅದು ಹೊಳೆಯಲಿಲ್ಲ. ಆ ತಿಂಗಳೂ ದೂರುಗಳಿಲ್ಲ. ಶ್ರೀನಿವಾಸಪುರದ ಮಾವಿನ ಮಂಡಿಯಲ್ಲಿ ದುಡಿಯುವ, ಕಿವಿ ಕೇಳದ ಒಬ್ಬರಿದ್ದರು. ಅವರ ಅರ್ಜಿಯನ್ನು ಫೋನ್ ಮಾಡಿಯೇ ಖಚಿತಪಡಿಸಬೇಕೆಂಬ ನಿಯಮವಿತ್ತು. ಅವರ ಬದಲು ಅವರ ಅಣ್ಣ ಮಾತಾಡಿದರು, ನಾನು ಒಪ್ಪಿಕೊಂಡೆ. ಆಗಲೂ ದೂರುಗಳಿಲ್ಲ.

ಒಮ್ಮೆ ವೆಬ್‌ಸೈಟನ್ನು ಹೊಸದಾಗಿ ಮಾಡಿಸುವ ಮಾತು ಬಂತು. ಆ ಸಭೆಯಲ್ಲಿ ನಾನು ಧೈರ್ಯ ಮಾಡಿ, ಅಂಗವಿಕಲರಿಗೆ ಕಷ್ಟವಾಗುತ್ತಿದೆ, ಅದನ್ನೂ ಕೆಲಸದ ಪಟ್ಟಿಗೆ ಸೇರಿಸೋಣ ಎಂದೆ. ಸಾಹೇಬರು ಫೈಲ್ ತರಿಸಿದರು. ಸಾಲಾಗಿ ನನ್ನ ಸಹಿಯಿದ್ದ ವರದಿಗಳೇ ಅದರಲ್ಲಿದ್ದವು. ಪುಟ ತಿರುಗಿಸುತ್ತಾ, ಇಷ್ಟು ವರ್ಷದಲ್ಲಿ ಒಂದು ದೂರೂ ಇಲ್ಲವಲ್ಲ, ಇಲ್ಲದ ರೋಗಕ್ಕೆ ಮದ್ದು ಯಾಕೆ ಎಂದರು. ಅವರನ್ನು ದೂರುವಂತಿರಲಿಲ್ಲ. ತಿಪ್ಪೆ ಸಾರಿಸಿದವಳು ನಾನು, ಆ ಸಾರಿಸಿದ ನೆಲ ನೋಡಿ ಅವರು ಮಾತಾಡಿದ್ದರು. ಹೊಸ ವೆಬ್‌ಸೈಟ್ ಬಂತು. ಅಕ್ಷರ ದೊಡ್ಡದು ಮಾಡುವ ಗುಂಡಿಯೊಂದನ್ನು ಮೂಲೆಯಲ್ಲಿಟ್ಟು, ‘ಅಂಗವಿಕಲಸ್ನೇಹಿ’ ಎಂಬ ಕಲಮಿನ ಮುಂದೆ ಸರಿ ಎಂದು ಗುರುತು ಹಾಕಿದರು. ಆ ಗುರುತಿನ ಕೆಳಗೂ ನನ್ನದೇ ಸಹಿ ಇತ್ತು.

ನನ್ನ ನಿವೃತ್ತಿಗೆ ಇನ್ನು ಏಳು ತಿಂಗಳಿದೆ ಎನ್ನುವಾಗ ಆವನಿಯ ಶ್ಯಾಮಲ ಫೋನ್ ಮಾಡಿದಳು. ಹುಟ್ಟಿನಿಂದಲೇ ಕಣ್ಣು ಕಾಣದ ಹೆಣ್ಣುಮಗಳು, ಬಿ.ಎ. ಓದಿದ್ದಳು, ಕನ್ನಡ ಟೈಪಿಂಗ್ ಪರೀಕ್ಷೆ ಪಾಸಾಗಿತ್ತು. ನಮ್ಮ ಇಲಾಖೆಯಲ್ಲೇ ಅಂಗವಿಕಲರಿಗೆ ಮೀಸಲಾದ ಒಂದು ಬೆರಳಚ್ಚುಗಾರರ ಹುದ್ದೆಗೆ ಅರ್ಜಿ ಕರೆದಿದ್ದರು. ವಿನಾಯಿತಿಯೆಲ್ಲ ಸೇರಿಸಿದರೂ ಅವಳಿಗೆ ವಯಸ್ಸಿನ ಮಿತಿಯೊಳಗೆ ಅದೇ ಕೊನೆಯ ಸಲ. ಹಿಂದಿನ ಸಲ ಮುಳಬಾಗಿಲಿನ ಸೈಬರ್ ಅಂಗಡಿಯವನ ಕೈಲಿ ಅರ್ಜಿ ತುಂಬಿಸಿದ್ದಳಂತೆ. ಆ ಅಂಗಡಿಯವರು ಬಂದವರ ಅರ್ಜಿಗೆಲ್ಲ ತಮ್ಮದೇ ಮೊಬೈಲ್ ನಂಬರ್ ಹಾಕಿಬಿಡುತ್ತಾರೆ, ಪದೇ ಪದೇ ಓಟಿಪಿ ಕೇಳುವ ತಾಪತ್ರಯ ಇರಬಾರದೆಂದು. ಪರೀಕ್ಷೆಯ ದಿನಾಂಕದ ಮೆಸೇಜು ಅವನ ಫೋನಿಗೆ ಹೋಯಿತು. ನೂರಾರು ಮೆಸೇಜುಗಳ ನಡುವೆ ಅವನು ನೋಡಲೂ ಇಲ್ಲ, ಇವಳಿಗೆ ತಿಳಿಯಲೂ ಇಲ್ಲ. ಅದಕ್ಕೇ ಈ ಸಲ ತಾನೇ ತುಂಬುತ್ತೇನೆಂದು ಹಟ ಹಿಡಿದು ಕೂತಿದ್ದಳು.

ಓದುವಾಗ ಸಿಕ್ಕಿದ್ದ ಲ್ಯಾಪ್‌ಟಾಪಿನಲ್ಲಿ ಲಾಗಿನ್ ಆಗಿದ್ದಳು. ಲಾಗಿನ್‌ಗೆ ಮೊದಲು ನೋಡಿ ಟೈಪ್ ಮಾಡಬೇಕಾದ, ಚಿತ್ರದಲ್ಲಿ ಬರುವ ಅಂಕಿಗಳನ್ನು ಮಾತ್ರ ಅವಳ ತಾಯಿ ನಾರಾಯಣಮ್ಮ ಓದಿ ಹೇಳಿದ್ದರು. ಹುಟ್ಟಿದ ದಿನಾಂಕದ ಹತ್ತಿರ ನಿಂತುಹೋಯಿತು. ಅಲ್ಲಿ ಒಂದು ಪುಟ್ಟ ಕ್ಯಾಲೆಂಡರ್ ತೆರೆದುಕೊಳ್ಳುತ್ತಿತ್ತು, ಮೌಸಿನಿಂದ ಮಾತ್ರ ಒತ್ತಬೇಕು, ಕೀಲಿಯಲ್ಲಿ ಟೈಪ್ ಮಾಡಿದರೆ ತೆಗೆದುಕೊಳ್ಳುತ್ತಿರಲಿಲ್ಲ. ಕಣ್ಣು ಕಾಣದವರಿಗೆ ಮೌಸಿನ ಬಾಣ ಎಲ್ಲಿದೆಯೆಂದು ಹೇಗೆ ಗೊತ್ತಾಗಬೇಕು? ನಾನು ಎಂದಿನ ಹಾಗೆ, ಪಾಸ್‌ವರ್ಡ್ ಹೇಳಮ್ಮ, ನಾನೇ ತುಂಬುತ್ತೇನೆ ಎಂದೆ. ಅವಳು ಒಲ್ಲದ ಮನಸ್ಸಿನಿಂದಲೇ ಹೇಳಿದಳು. ದಿನಾಂಕ ಹಾಕಿದೆ, ಉಳಿದ ಪುಟಗಳನ್ನೂ ಅವಳು ಹೇಳಿದಂತೆ ತುಂಬಿದೆ. ‘ಸಲ್ಲಿಸಿ’ ಎಂಬ ಗುಂಡಿಯೊಂದೇ ಉಳಿದಿತ್ತು. ಅಷ್ಟರಲ್ಲಿ, ಒತ್ತಬೇಡಿ ಮೇಡಂ, ನಾಳೆ ಬರ್ತೀನಿ ಎಂದು ಫೋನ್ ಇಟ್ಟಳು.

ಮರುದಿನ ತಾಯಿಯ ತೋಳು ಹಿಡಿದು ಬಂದಳು. ಕುರ್ಚಿ ತೋರಿಸಿ ಕೂರಿಸಿದೆ. ತನಗಿಂತ ಮೊದಲು ಹೀಗೆ ಎಷ್ಟು ಜನರಿಗೆ ತುಂಬಿಕೊಟ್ಟಿದ್ದೀರಿ ಎಂದು ಕೇಳಿದಳು. ನಾನು ಹೆಮ್ಮೆಯಿಂದ, ಲೆಕ್ಕ ಇಟ್ಟಿಲ್ಲ ಕಣಮ್ಮ ಎಂದೆ. ಅವರಲ್ಲಿ ಎಷ್ಟು ಜನರ ದೂರು ಬರೆದುಕೊಂಡಿರಿ ಎಂದು ಕೇಳಿದಳು. ಒಂದೂ ಇಲ್ಲ ಎಂದೆ.

“ನೀವು ತುಂಬ ಒಳ್ಳೇವ್ರು ಮೇಡಂ. ನಮ್ಮೂರಲ್ಲೂ ಎಲ್ರೂ ಒಳ್ಳೇವ್ರೇ, ಯಾರನ್ ಕೇಳಿದ್ರೂ ಕೈ ಹಿಡ್ಕೊಂಡು ರಸ್ತೆ ದಾಟಿಸ್ತಾರೆ. ಹಂಗಾಗೇ ಆ ರಸ್ತೇನ ಯಾರೂ ಸರಿ ಮಾಡಿಲ್ಲ. ಅರ್ಜಿ ಆಮೇಲಾಗ್ಲಿ, ಮೊದ್ಲು ನನ್ ದೂರು ತಗೊಳ್ಳಿ.”

ನಾನು ಬರೆದುಕೊಳ್ಳಲು ಪೆನ್ನು ಎತ್ತಿದೆ. ಅವಳು ನನ್ನ ಕೀಬೋರ್ಡ್ ಎಲ್ಲಿದೆ ಎಂದು ಕೇಳಿ, ಎಳೆದುಕೊಂಡು, ತಾನೇ ಟೈಪ್ ಮಾಡಿದಳು. ನಮ್ಮ ಮೇಷ್ಟ್ರು ಟವೆಲ್ ಹೊದಿಸಿ ಕಲಿಸಿದ್ದ ಅದೇ ಬೆರಳುಗಾರಿಕೆ. ಒಂದು ತಪ್ಪಿಲ್ಲ. ನಮ್ಮ ವಿಭಾಗದಲ್ಲಿ ಅಷ್ಟು ಚೆಂದ ಟೈಪ್ ಮಾಡುವವರು ಆಗ ಇನ್ನೊಬ್ಬರಿರಲಿಲ್ಲ. ಈ ಹುದ್ದೆ ಇವಳಿಗೇ ಸಿಗಬೇಕು ಎಂದು ನನಗೆ ಆಗಲೇ ಅನಿಸಿಹೋಯಿತು, ಮುಂದಿನ ಎಡವಟ್ಟಿಗೆಲ್ಲ ಅದೇ ಮೂಲ.

ದೂರು ಮೇಲಿನ ಕಚೇರಿಗೆ ಹೋಯಿತು. ವೆಬ್‌ಸೈಟ್ ನಡೆಸುತ್ತಿದ್ದ ಕಂಪನಿಯ ಇಂಜಿನಿಯರ್‌ಗೆ ನಾನೇ ಫೋನ್ ಮಾಡಿದೆ. ಒಳ್ಳೆಯ ಹುಡುಗನೇ. ಕ್ಯಾಲೆಂಡರ್ ತೆಗೆದು ದಿನ, ತಿಂಗಳು, ವರ್ಷ ಟೈಪ್ ಮಾಡುವ ಮೂರು ಚೌಕ ಇಡುವುದು ಒಂದು ಮಧ್ಯಾಹ್ನದ ಕೆಲಸ ಎಂದ. ಆದರೆ ಇಲಾಖೆಯಿಂದ ಪತ್ರ ಬರದೆ ಮುಟ್ಟುವಂತಿಲ್ಲ. ಇಲಾಖೆಯವರು, ಕಂಪನಿ ಏನು ಹೇಳುತ್ತದೋ ನೋಡಿ ಪತ್ರ ಬರೆಯೋಣ ಎಂದರು. ಎತ್ತು ಏರಿಗೆಳೆದರೆ ಕೋಣ ನೀರಿಗೆಳೆಯಿತು. ಈ ಮಧ್ಯೆ ಅರ್ಜಿಯ ಕೊನೆಯ ದಿನ ಬಂತು.

ಆ ದಿನ ಬೆಳಿಗ್ಗೆಯಿಂದ ನನಗೆ ಬೇರೆ ಕೆಲಸ ತೋಚಲಿಲ್ಲ. ಶ್ಯಾಮಲಳಿಗೆ ಎರಡು ಸಲ ಫೋನ್ ಮಾಡಿದೆ. ದೂರಿಗೆ ಉತ್ತರ ಬಂತೇ ಎಂದಷ್ಟೇ ಕೇಳಿದಳು. ಸರ್ಕಾರ ಮೀಸಲಾತಿ ಕೊಟ್ಟಿದೆ, ನಮ್ಮ ವೆಬ್‌ಸೈಟ್ ಕೊಡುತ್ತಿಲ್ಲ. ದೇವರು ವರ ಕೊಟ್ಟರೂ ಪೂಜಾರಿ ಕೊಡ ಎಂದು ಸುಮ್ಮನೆ ಅನ್ನುತ್ತಾರೆಯೇ? ಮಧ್ಯಾಹ್ನ ನಾರಾಯಣಮ್ಮ ಮಗಳಿಗೆ ತಿಳಿಯದಂತೆ ಪಕ್ಕದ ಮನೆಯವರ ಫೋನಿನಿಂದ ಮಾತಾಡಿದರು.

“ಮೇಡಮ್ಮೋರೇ, ಅದು ಮೊಂಡಿ, ನಮ್ ಮಾತು ಕೇಳಲ್ಲ. ನಾನು ಎಷ್ಟು ದಿನ ಇರ್ತೀನೋ ಏನೋ. ನೀವೇ ಒತ್ತಿಬಿಡ್ರಮ್ಮ, ಮೀಕು ದಂಡಂ ಪೆಡತಾನು, ಕೈ ಮುಗೀತೀನಿ.”

ನಾಲ್ಕೂವರೆಗೆ ನಾನು ಒತ್ತಿದೆ. ಅರ್ಜಿ ಯಶಸ್ವಿಯಾಗಿ ಸಲ್ಲಿಕೆಯಾಗಿದೆ ಎಂದು ಪರದೆಯ ಮೇಲೆ ಬಂತು. ಅದೇ ಮೆಸೇಜು ಶ್ಯಾಮಲಳ ಫೋನಿಗೂ ಹೋಗಿ, ಆ ಫೋನು ಅವಳಿಗೆ ಓದಿ ಹೇಳಿತು. ಐದು ನಿಮಿಷಕ್ಕೆ ಕರೆ ಬಂತು. ಯಾರು ಒತ್ತಿದ್ದು ಎಂದು ಕೇಳಿದಳು. ನಾನೇ ಎಂದೆ. ನಿನ್ನ ಒಳ್ಳೆಯದಕ್ಕೇ ಕಣಮ್ಮ ಎಂದೂ ಸೇರಿಸಿದೆ. ಅವಳು ಫೋನ್ ಇಟ್ಟುಬಿಟ್ಟಳು. ನನಗೆ ಅವತ್ತು ಸಂಕಟಕ್ಕಿಂತ ಸಮಾಧಾನವೇ ಹೆಚ್ಚಾಗಿತ್ತು ಎಂಬುದನ್ನು ಮುಚ್ಚಿಡುವುದಿಲ್ಲ.

ಹದಿನೈದು ದಿನಕ್ಕೆ ಮೇಲಿನ ಕಚೇರಿಯ ಉತ್ತರ ಬಂತು. ದೂರುದಾರರು ಸದರಿ ವೆಬ್‌ಸೈಟಿನ ಮೂಲಕವೇ ಯಶಸ್ವಿಯಾಗಿ ಅರ್ಜಿ ಸಲ್ಲಿಸಿರುವುದು ದಾಖಲೆಗಳಿಂದ ಕಂಡುಬಂದಿರುವುದರಿಂದ ದೂರನ್ನು ಮುಕ್ತಾಯಗೊಳಿಸಲಾಗಿದೆ. ಸಾಹೇಬರು ಅದನ್ನು ನನಗೆ ತೋರಿಸಿ, ವೆಬ್‌ಸೈಟ್ ಸರಿಯಾಗೇ ಇದೆ ನೋಡಿ ಎಂದರು. ಆ ಕಾಗದ ಹಿಡಿದುಕೊಂಡು ನನ್ನ ಜಾಗಕ್ಕೆ ಬಂದು ಕೂತು ಮತ್ತೊಮ್ಮೆ ಓದಿದೆ. ನೌಕರಿಗೆ ಸೇರಿದಂದಿನಿಂದ ನಾನು ಮಾಡಿಕೊಂಡು ಬಂದ ಉಪಕಾರದ ಅರ್ಥ ಆ ಎರಡು ಸಾಲಿನಲ್ಲಿತ್ತು.

ಇನ್ನು ಉಳಿದದ್ದು ಒಂದೇ ದಾರಿ. ಬೇರೆಯವರ ಪಾಸ್‌ವರ್ಡ್ ಬಳಸಿ ಅರ್ಜಿ ಸಲ್ಲಿಸಿದವಳು ನಾನು ಎಂದು ಬರೆದುಕೊಡಬೇಕು. ಬರೆದರೆ ನಿವೃತ್ತಿಯ ಹೊಸ್ತಿಲಲ್ಲಿ ನನ್ನ ಮೇಲೆ ವಿಚಾರಣೆ. ಅದನ್ನಾದರೂ ತಡೆದುಕೊಳ್ಳಬಹುದಿತ್ತು, ಅವಳ ಅರ್ಜಿಯೇ ರದ್ದಾದರೆ? ರಜೆ ಹಾಕಿ, ಮುಳಬಾಗಿಲಲ್ಲಿ ಬಸ್ ಬದಲಿಸಿ ಆವನಿಗೆ ಹೋದೆ. ಶ್ಯಾಮಲ ಜಗಲಿಯಲ್ಲಿ ಕೂತು ಅವರೆಕಾಯಿ ಸುಲಿಯುತ್ತಿದ್ದಳು. ಕಾಗದವನ್ನು ಓದಿ ಹೇಳಿದೆ. ಎರಡು ಕಡೆಯ ನಷ್ಟವನ್ನೂ ಬಿಡಿಸಿ ಹೇಳಿ, ನೀನು ಬೇಡ ಎಂದರೆ ಬರೆಯುವುದಿಲ್ಲ ಎಂದೆ. ಒಳಗಿನಿಂದ ನಾರಾಯಣಮ್ಮ ಬಂದು ಬಾಗಿಲಲ್ಲಿ ನಿಂತರು.

“ಹೋದ್ಸಲ ಅಂಗಡಿಯೋನು ನನ್ನನ್ ಕೇಳ್ಲಿಲ್ಲ. ಈ ಸಲ ನೀವೂ ಕೇಳ್ಲಿಲ್ಲ,” ಎಂದಳು ಶ್ಯಾಮಲ. “ಈಗ ಕೇಳ್ತಾ ಇದ್ದೀರಲ್ಲ, ಹೇಳ್ತೀನಿ. ಬರೀರಿ ಮೇಡಂ.”

ಬರೆದೆ. ಸಾಹೇಬರು ಎರಡು ಸಲ ಓದಿದರು. ಕೆಟ್ಟ ಮನುಷ್ಯರಲ್ಲ ಅವರು, ರಗಳೆ ಬೇಡದ ಮನುಷ್ಯರು.

“ರಿಟೈರ್ ಆಗೋ ಟೈಮಲ್ಲಿ ಇದೆಲ್ಲ ಯಾಕ್ರೀ ಬೇಕಿತ್ತು ನಾಗವೇಣಮ್ಮ?”

ಬರೆದುಕೊಟ್ಟದ್ದರ ಜೊತೆಗೆ ಆ ತಿಂಗಳ ವರದಿಯನ್ನೂ ಮುಂದಿಟ್ಟೆ. ನೆನಪಿದ್ದಷ್ಟು ಜನರ ಹೆಸರು, ಊರು, ಎಲ್ಲಿ ತೊಡಕಾಯಿತು, ನಾನು ಏನು ಮಾಡಿ ಮುಚ್ಚಿದೆ ಎಂದು ಬರೆದಿದ್ದೆ. ಮಾಲೂರಿನವರ ಒಂದು ಬೆರಳು ಅದರಲ್ಲಿತ್ತು, ಮಂಡಿಯವರ ಕಿವಿಯೂ ಇತ್ತು. ಮೂರು ಹಾಳೆ ಆಯಿತು. ನೆನಪಾಗದವರೇ ಹೆಚ್ಚು.

ನನಗೆ ನೋಟಿಸ್ ಬಂತು, ಉತ್ತರ ಕೊಟ್ಟೆ, ಛೀಮಾರಿ ಹಾಕಿ ಬಿಟ್ಟರು. ಬೀಳ್ಕೊಡುಗೆಯ ದಿನ ಮೇಲಿನ ಕಚೇರಿಯವರು ಯಾರೂ ಬರಲಿಲ್ಲ. ಕಣ್ಣು ಕಾಣದ ಅಭ್ಯರ್ಥಿ ಇನ್ನೊಬ್ಬರ ನೆರವು ಪಡೆಯಬಹುದು ಎಂಬ ನಿಯಮವನ್ನು ಹುಡುಕಿ ತೆಗೆದು ಶ್ಯಾಮಲಳ ಅರ್ಜಿಯನ್ನು ಉಳಿಸಿದವರು ಅದೇ ಸಾಹೇಬರು. ಅವಳು ಪರೀಕ್ಷೆ ಬರೆದಳು. ಅವಳಿಗಿಂತ ಹೆಚ್ಚು ಅಂಕ ಬಂದ, ಕಾಲಿನ ತೊಂದರೆಯಿದ್ದ ಒಬ್ಬರಿಗೆ ಹುದ್ದೆ ಹೋಯಿತು. ಅದರಲ್ಲಿ ಮೋಸವೇನೂ ಇರಲಿಲ್ಲ, ಅಂಕಪಟ್ಟಿ ನಾನೇ ನೋಡಿದೆ. ನಮ್ಮ ವೆಬ್‌ಸೈಟ್ ಮೊದಲೇ ಸರಿಯಿದ್ದಿದ್ದರೆ ತಾನೇ ಅರ್ಜಿ ತುಂಬಿ ಹಿಂದಿನ ಸಲವೂ ಬರೆಯುತ್ತಿದ್ದಳು ಎಂಬುದೊಂದು ಮಾತ್ರ ಮನಸ್ಸಿನಿಂದ ಹೋಗುವುದಿಲ್ಲ.

ದೂರನ್ನು ಮತ್ತೆ ತೆರೆದರು. ಬದಲಾವಣೆಗೆ ಆದೇಶ ಬಂತು. ನನಗಿದ್ದ ಕೊನೆಯ ಎರಡು ತಿಂಗಳಲ್ಲಿ ಇಂಜಿನಿಯರ್ ಹುಡುಗ ನನ್ನ ಪಕ್ಕ ಬಂದು ಕೂತ. ಅವನ ಮೌಸನ್ನು ತೆಗೆದು ಡ್ರಾಯರಿನಲ್ಲಿಟ್ಟು ಬೀಗ ಹಾಕಿದೆ. ಈಗ ಮೊದಲಿನಿಂದ ಕೊನೆಯವರೆಗೆ ಅರ್ಜಿ ತುಂಬಪ್ಪ ಎಂದೆ. ಎರಡನೆಯ ಪುಟಕ್ಕೆ ಬೆವರಿದ. ಆಮೇಲೆ ಪರದೆಗೆ ನನ್ನ ಹಳೆಯ ಟವೆಲ್ ಹೊದಿಸಿ, ಮಾತಾಡುವ ತಂತ್ರಾಂಶ ಹಾಕಿ ಮತ್ತೆ ತುಂಬಿಸಿದೆ. ‘ಬರೆಯಿರಿ, ಬರೆಯಿರಿ, ಬರೆಯಿರಿ’ ಎಂದು ಅದು ಹೇಳುತ್ತಿತ್ತು, ಏನು ಬರೆಯಬೇಕೆಂದು ಹೇಳುತ್ತಿರಲಿಲ್ಲ, ಏಕೆಂದರೆ ಚೌಕಗಳಿಗೆ ಹೆಸರು ಕೊಡುವುದನ್ನು ಅವನು ಮರೆತಿದ್ದ. ಹೇಳಿಕೊಡುವ ಅಗತ್ಯವೇ ಬೀಳಲಿಲ್ಲ, ತಾನಾಗಿ ಒಂದೊಂದೇ ಸರಿಮಾಡಿದ. ಅಂತಿಮವಾಗಿ ನೋಡಿ ಹೇಳಲು ಶ್ಯಾಮಲಳನ್ನೇ ಕರೆಸಿ, ಅವಳ ದಿನದ ಕೂಲಿಯನ್ನು ಇಲಾಖೆಯಿಂದಲೇ ಕೊಡಿಸಿದೆ. ಪುಕ್ಕಟೆ ಮಾಡಿಸಿಕೊಂಡರೆ ಅದೂ ಉಪಕಾರದ ಖಾತೆಗೇ ಹೋಗುತ್ತಿತ್ತು.

ನನ್ನ ಕುರ್ಚಿಗೆ ಬರುವವರಿಗೆ ಹೇಳಲು ಇರುವುದು ಇಷ್ಟೇ. ಬಂದವರಿಗೆ ಸಹಾಯ ಮಾಡಿ, ಮಾಡದೆ ಕಳಿಸಬೇಡಿ. ಆದರೆ ಕೈ ಹಾಕುವ ಮೊದಲು ಅವರನ್ನು ಕೇಳಿ, ದೂರನ್ನು ಬರೆದುಕೊಳ್ಳಿ, ಬರೆದದ್ದನ್ನು ವರದಿಗೆ ಸೇರಿಸಿ. ಸೀಲಿನ ಕಾಗದದ ಜೊತೆ ಟೈಪ್ ಮಾಡಿದ್ದನ್ನೂ ಏರಿಸಿ. ಉದ್ಘಾಟನೆಯ ದಿನ ಚೆನ್ನಾಗಿದ್ದ ವೆಬ್‌ಸೈಟ್ ಆರು ತಿಂಗಳಿಗೆ ಮತ್ತೆ ಕೆಡುತ್ತದೆ, ವಾರಕ್ಕೊಂದು ದಿನ ಮೌಸಿಗೆ ರಜೆ ಕೊಡಿ. ಇದರಲ್ಲಿ ದೊಡ್ಡ ವಿದ್ಯೆ ಏನೂ ಇಲ್ಲ. ನಾನು ಇದನ್ನು ಕಲಿಯಲು ಒಬ್ಬಳ ಅವಕಾಶವೇ ಖರ್ಚಾಯಿತು. ಇಷ್ಟಾದರೂ ಪಕ್ಕದ ಕಚೇರಿಗಳ ವೆಬ್‌ಸೈಟುಗಳಲ್ಲಿ ಆ ಪುಟ್ಟ ಕ್ಯಾಲೆಂಡರ್ ಇನ್ನೂ ಹಾಗೇ ಇದೆ ಎಂದು ಕೇಳುತ್ತೇನೆ. ಬೇಸರವಾಗುತ್ತದೆ, ಆಶ್ಚರ್ಯವಾಗುವುದಿಲ್ಲ.

ಮೊನ್ನೆ ಶ್ಯಾಮಲ ಫೋನ್ ಮಾಡಿದ್ದಳು. ಈಗ ಹಳ್ಳಿಯ ಮಕ್ಕಳಿಗೆ ಮನೆಯಲ್ಲೇ ಪಾಠ ಹೇಳುತ್ತಾಳೆ. ನಮ್ಮ ಇಲಾಖೆ ಮತ್ತೆ ಅರ್ಜಿ ಕರೆದಿದೆಯಂತೆ. ಸುಮ್ಮನೆ ನೋಡೋಣವೆಂದು ತಾನೇ ತೆರೆದು ತುಂಬಿದಳಂತೆ. ಅಂಕಿಗಳ ಚಿತ್ರ ಹೋಗಿ ಅವುಗಳನ್ನು ದನಿಯಲ್ಲಿ ಹೇಳುವ ಏರ್ಪಾಡು ಬಂದಿದೆ, ತಾಯಿಯನ್ನು ಕರೆಯಬೇಕಾಗಲಿಲ್ಲ. ಪ್ರತಿ ಚೌಕವೂ ತನ್ನ ಹೆಸರು ಹೇಳಿತು. ಹುಟ್ಟಿದ ದಿನಾಂಕವನ್ನು ತಾನೇ ಟೈಪ್ ಮಾಡಿ ಮುಂದಿನ ಪುಟಕ್ಕೆ ಹೋಗಲು ಒತ್ತಿದಳು.

“ಎಲ್ಲೂ ನಿಲ್ಲಲಿಲ್ಲ ಮೇಡಂ, ಪೂರ್ತಿ ಓದ್ತು. ‘ನಿಮ್ಮ ವಯಸ್ಸು ನಿಗದಿತ ಮಿತಿಯನ್ನು ಮೀರಿದೆ’ ಅಂತ ಎಷ್ಟು ಚೆನ್ನಾಗಿ ಹೇಳ್ತು ಅಂತೀರಿ. ಒಂದಕ್ಷರ ಬಿಡಲಿಲ್ಲ.”